ಓ ಅಂದದ್ದು ಬರೆಯದ ಕಾಗದ

ಅಡುಗೆಮನೆಯ ಶೆಲ್ಫಿನಿಂದ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ, ಅವುಗಳ ಕೆಳಗೆ ಹಾಸಿದ್ದ ಕಾಗದವನ್ನು ಎಳೆದೆ. ಎರಡು ಅಂಚಿಗೂ ಸಾಲಾಗಿ ತೂತುಗಳಿರುವ ಹಳೆಯ ಪ್ರಿಂಟರ್ ಕಾಗದ. ಮೆಂತ್ಯದ ವಾಸನೆ ಹತ್ತಿತ್ತು, ಅಕ್ಷರ ಮಾತ್ರ ಅಳಿಸಿರಲಿಲ್ಲ. ಎಸೆಯುವ ಮುಂಚೆ ಓದುವುದು ನನ್ನ ಚಾಳಿ. ಬೋಂಡ ಕಟ್ಟಿಕೊಟ್ಟ ಕಾಗದವನ್ನೂ ನಾನು ಬಿಡುವವಳಲ್ಲ. ಓದಿದೆ, ಶೆಲ್ಫ್ ಒರೆಸುವ ಕೆಲಸ ಅಲ್ಲಿಗೇ ನಿಂತಿತು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ನೆಲಮಂಗಲದಿಂದ ಬಸ್ಸು ಹಿಡಿದು, ದಾಬಸ್‌ಪೇಟೆ ಹತ್ತಿರ ನೂಲಿಗೆ ಬಣ್ಣ ಹಾಕುವ ಒಂದು ಕಾರ್ಖಾನೆಗೆ ಹೋಗುತ್ತಿದ್ದೆ. ಡಿಪ್ಲೊಮಾ ಮುಗಿಸಿದ್ದೇನೆಂಬ ಒಂದೇ ಕಾರಣಕ್ಕೆ ಎಲ್ಲರ ಬಾಯಲ್ಲೂ ಕಂಪ್ಯೂಟರಮ್ಮ ಆಗಿದ್ದೆ. ನನಗೆ ಕಂಪ್ಯೂಟರ್ ಎಷ್ಟು ಗೊತ್ತಿತ್ತು ಅಂದರೆ, ಅದು ಕೆಟ್ಟಾಗ ಎಲ್ಲರಿಗಿಂತ ಮೊದಲು ಗಾಬರಿಯಾಗುವಷ್ಟು.

ಬಣ್ಣದ ಯಂತ್ರವನ್ನು ನೋಡಿಕೊಳ್ಳುತ್ತಿದ್ದವರು ನಂಜುಂಡಪ್ಪನವರು, ದೊಡ್ಡಬಳ್ಳಾಪುರದ ನೇಕಾರರ ಮನೆಯವರು. ಮೊದಲೆಲ್ಲ ನೂಲಿನ ಲಡಿಯನ್ನು ಬಿಸಿಲಿಗೆ ಹಿಡಿದು, "ಇನ್ನೊಂದು ಕುದಿ ಬರ್ಲಿ" ಎಂದು ಕಣ್ಣಲ್ಲೇ ತೀರ್ಮಾನ ಮಾಡುತ್ತಿದ್ದರಂತೆ. ಕಂಪ್ಯೂಟರ್ ಬಂದ ಮೇಲೆ, ಬಿಸಿ ಒಂದೊಂದು ಹಂತ ಮುಟ್ಟಿದಾಗಲೂ ಗಂಟೆ ಹೊಡೆಯುತ್ತಿತ್ತು. ಅವರು ಬಂದು ನೋಡಿ, ನೋಡಿದ್ದೇನೆ ಎನ್ನುವುದಕ್ಕೆ ಹಸಿರು ಗುಂಡಿ ಒತ್ತಬೇಕು. ಇದನ್ನೆಲ್ಲ ಪ್ರಿಂಟರ್ ಕರಕರ ಎಂದು, ವೇಳೆಯ ಸಮೇತ, ಸಾಲು ಸಾಲಾಗಿ ಬರೆಯುತ್ತಿತ್ತು. ಮುಚ್ಚಳ ಹಾಕಿದ್ದಕ್ಕೊಂದು ಸಾಲು, ತೆಗೆದದ್ದಕ್ಕೊಂದು ಸಾಲು.

ಮ್ಯಾನೇಜರಿಗೆ ರೇಗಿಹೋಯಿತು. "ಇಷ್ಟುದ್ದ ಯಾರಮ್ಮ ಓದ್ತಾರೆ? ಮುಖ್ಯವಾದದ್ದು ಮಾತ್ರ ಬರೋ ಹಾಗೆ ಮಾಡಿ."

ಈ ಸಾಲುಗಳನ್ನು ದಾಖಲಿಸುತ್ತಿದ್ದದ್ದು ಲಾಗಿಂಗ್ ಲೈಬ್ರರಿ ಎಂಬ ಸಿದ್ಧ ಪ್ರೋಗ್ರಾಮು. ಪುಸ್ತಕವಿಲ್ಲದ ಲೈಬ್ರರಿಯನ್ನು ನಾನು ಅದೇ ಮೊದಲು ಕಂಡದ್ದು. ಅದರಲ್ಲಿ ಫಿಲ್ಟರ್ ಇಡಬಹುದಿತ್ತು. ಪ್ರತಿಯೊಂದು ಸಾಲೂ ಫಿಲ್ಟರಿನ ಮುಂದೆ ಬರುತ್ತದೆ. ಅದು 'ಇಟ್ಟುಕೋ' ಅನ್ನಬಹುದು, 'ಬಿಟ್ಟುಬಿಡು' ಅನ್ನಬಹುದು, ಇಲ್ಲವೇ 'ನನಗೆ ಗೊತ್ತಿಲ್ಲ, ಮುಂದಿನ ಫಿಲ್ಟರನ್ನು ಕೇಳು' ಅನ್ನಬಹುದು. ಈ ಮೂರನೆಯದು ನನ್ನ ತಲೆ ಕೆಡಿಸಿತು. ಯಂತ್ರವೂ ಗೊತ್ತಿಲ್ಲ ಎನ್ನಬಹುದೇ? ನಾಲ್ಕು ದಿನ ಗುದ್ದಾಡಿದೆ. ಒಂದು ದಿನವಂತೂ ಎಲ್ಲ ತಿರುಗುಮುರುಗಾಗಿ, ಬೆಳಗಿನಿಂದ ಸಂಜೆಯವರೆಗೆ ಮುಚ್ಚಳದ ಸಮಾಚಾರ ಬಿಟ್ಟು ಬೇರೇನೂ ಬರಲಿಲ್ಲ. ಕೊನೆಗೆ 'ಎಚ್ಚರಿಕೆ' ಎಂಬ ದರ್ಜೆಯ ಸಾಲುಗಳು ಉಳಿದು, 'ಮಾಹಿತಿ' ಎಂಬ ದರ್ಜೆಯವು ಬಿದ್ದುಹೋದವು. ಗಂಟೆ ಹೊಡೆದದ್ದು ಎಚ್ಚರಿಕೆ. ಗುಂಡಿ ಒತ್ತಿದ್ದು ಬರೀ ಮಾಹಿತಿ. ಯಾವ ಸಾಲು ಬಿದ್ದುಹೋಯಿತೆಂದು ಕೇಳದೆಯೇ ಮ್ಯಾನೇಜರ್ ಭೇಷ್ ಅಂದರು. ಬೇಡವಾದ ಹಳೆಯ ಕಾಗದದ ಕಟ್ಟನ್ನು ನಾನು ಬೀಗುತ್ತಾ ಮನೆಗೆ ಹೊತ್ತು ತಂದೆ.

ನಂಜುಂಡಪ್ಪನವರು ಹೊಸ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಗಂಟೆ ಕರ್ದಿದ್ದು ಬರ್ದೈತೆ. ನಾನು ಓ ಅಂದಿದ್ದು ಬೇಡ್ವೇನಮ್ಮ?"

"ಅದು ದಿನಾ ಇರೋದೇ ಅಲ್ವಾ ಅಣ್ಣ."

"ಅದೂ ಸರಿ ಬಿಡು," ಅಂದರು.

ಎರಡು ವಾರಕ್ಕೆ ಸೀರೆಯ ಮರೂನ್ ನೂಲೆಲ್ಲ ಕಂದು ಬಣ್ಣಕ್ಕೆ ತಿರುಗಿ ಹೊರಬಂತು. ಮ್ಯಾನೇಜರ್ ಕಾಗದ ಹಿಡಿದುಕೊಂಡು ನಮ್ಮಿಬ್ಬರನ್ನೂ ಕರೆಸಿದರು. "ಮೂರು ಸಲ ಗಂಟೆ ಹೊಡೆದಿದೆ. ಈ ಮನುಷ್ಯ ಒಂದು ಸಲಾನೂ ಎದ್ದು ಬಂದಿಲ್ಲ."

"ಬಂದಿವ್ನಿ ಸಾರ್. ಮೂರು ಸಲಾನೂ ಒತ್ತಿವ್ನಿ."

ಮ್ಯಾನೇಜರ್ ನನ್ನ ಕಡೆ ತಿರುಗಿದರು. "ಒತ್ತಿದ್ದು ಇದರಲ್ಲಿ ಇದೆಯೇನಮ್ಮ?"

"ಇಲ್ಲ ಸಾರ್," ಅಂದೆ.

ನೀವೇ ಹೇಳಿ, ಅದು ಸುಳ್ಳೇ? ಕಾಗದದಲ್ಲಿ ನಿಜಕ್ಕೂ ಇರಲಿಲ್ಲ. ಆ ಸಾಲುಗಳನ್ನು ತೆಗೆಸಿದವಳು ನಾನೇ ಎಂದು ಮಾತ್ರ ಹೇಳಲಿಲ್ಲ. ಕೆಲಸ ಹೋದೀತೆಂಬ ಭಯವಿತ್ತೇ? ಇತ್ತು. ಕಾಗದದಿಂದ ತೆಗೆದಿದ್ದೆನೋ, ಕಂಪ್ಯೂಟರಿನ ಹೊಟ್ಟೆಯಿಂದಲೇ ತೆಗೆದಿದ್ದೆನೋ ಎಂಬ ಗೊಂದಲವೂ ಇತ್ತು. ಮೊದಲು ನೋಡಿಬಿಡೋಣ, ಆಮೇಲೆ ಹೇಳೋಣ ಎಂದುಕೊಂಡೆ. ಹೋಗಿ ನೋಡಿದರೆ ಫಿಲ್ಟರನ್ನು ಮೂಲದಲ್ಲೇ, ಸಾಲು ಕಂಪ್ಯೂಟರಿನೊಳಗೆ ಸೇರುವ ಮುಂಚೆಯೇ, ಇಟ್ಟಿದ್ದೆ. ಗುಂಡಿಯ ಸಾಲುಗಳು ಎಲ್ಲೂ ಇರಲಿಲ್ಲ. ಆಮೇಲೆ ಎಂಬುದು ಬರಲೇ ಇಲ್ಲ.

ಅವರನ್ನು ಯಂತ್ರದಿಂದ ಬಿಡಿಸಿ, ನೂಲಿನ ಕಟ್ಟು ಕಟ್ಟುವ ಕಡೆಗೆ ಹಾಕಿದರು. ತಿಂಗಳಾದ ಮೇಲೆ ಅವರು ಬರುವುದನ್ನೇ ನಿಲ್ಲಿಸಿದರು. ನನಗೆ ಇವತ್ತಿಗೂ ಅರ್ಥವಾಗದ್ದು ಇನ್ನೊಂದು: ಫಿಲ್ಟರಿನ ವಿಷಯ ಅವರಿಗೆ ಗೊತ್ತಿತ್ತು. "ಈಯಮ್ಮನೇ ತೆಗೆಸಿದ್ದು" ಎಂದು ಅವರಾದರೂ ಹೇಳಬಹುದಿತ್ತು. ಹೇಳಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದರು. ನಾನೇ ಹೇಳುತ್ತೇನೆಂದು ಕಾಯುತ್ತಿದ್ದರೇನೋ.

ಮೆಂತ್ಯದ ವಾಸನೆಯ ಈ ಕಾಗದ ಫಿಲ್ಟರ್ ಇಡುವ ಮುಂಚಿನದು. ಗಂಟೆ ಹೊಡೆದಿದೆ, ಗುಂಡಿ ಒತ್ತಿದ್ದಾರೆ. ಮತ್ತೆ ಗಂಟೆ, ಮತ್ತೆ ಗುಂಡಿ. ಕಾಗದದ ಉದ್ದಕ್ಕೂ ಬೆರಳಿಟ್ಟು ಓದಿದೆ. ಒಂದೇ ಒಂದು ಗಂಟೆಗೂ ಅವರು ನಿಮಿಷಕ್ಕಿಂತ ತಡ ಮಾಡಿಲ್ಲ. ಮರೂನ್ ಕೆಟ್ಟ ದಿನ ಒತ್ತಿದ್ದರೇ ಎಂಬುದನ್ನು ಇದು ಹೇಳುವುದಿಲ್ಲ, ಗೊತ್ತು. ನನಗೂ ಗೊತ್ತಿಲ್ಲ. ಗೊತ್ತಿಲ್ಲ ಎಂಬ ಆ ಮೂರನೆಯ ಉತ್ತರವನ್ನೇ ಅಂದು ನಾನು ಕೊಡಬೇಕಾಗಿತ್ತು. ನಾಚಿಕೆಯಾಗುತ್ತದೆ.

ಕಾಗದ ಮಡಚಿ ಬ್ಯಾಗಿಗೆ ಹಾಕುವುದನ್ನು ನಮ್ಮ ಯಜಮಾನರು ನೋಡಿದರು. "ಆ ಕಸ ಎಲ್ಲಿಗೆ?"

"ದೊಡ್ಡಬಳ್ಳಾಪುರಕ್ಕೆ. ನಂಜುಂಡಪ್ಪನೋರ ಮನೆ ಹುಡುಕ್ಬೇಕು."

"ಇಷ್ಟು ವರ್ಷ ಆದ್ಮೇಲೆ? ಇದ್ದಾರೋ ಇಲ್ವೋ."

"ಬಾಗಿಲು ಯಾರಾದ್ರೂ ತೆಗೀತಾರಲ್ಲ," ಅಂದೆ. "ಅವರು ಓ ಅಂತಿದ್ರು ಅಂತ ಹೇಳಿ ಬರ್ತೀನಿ."