ಮಾರ್ಜಿನ್ನಿನ ಸಣ್ಣಕ್ಷರ

೨೦೨೧ರ ಜೂನಿನಲ್ಲಿ ಒಂದು ಮಧ್ಯಾಹ್ನ ನಾನು ಪಕ್ಕದ ಮನೆಯವರಿಗೆ ಒಂದು ಸುಳ್ಳು ಹೇಳಿದೆ. "ಇಲ್ಲಿ ಇಂಕ್ ಹರಡಿಬಿಟ್ಟಿದೆ, ಓದೋಕಾಗ್ತಿಲ್ಲ" ಎಂದೆ. ಇಂಕ್ ಹರಡಿರಲಿಲ್ಲ. ಅಕ್ಷರ ಬಲು ನೀಟಾಗಿತ್ತು.

ಅವರು ಅಮೆರಿಕದ ಎಲಿಕಾಟ್ ಸಿಟಿಯಲ್ಲಿ ನನ್ನ ಮಗಳ ಮನೆಯ ಪಕ್ಕದಲ್ಲಿ ಒಬ್ಬರೇ ಇದ್ದ ಅಮೆರಿಕನ್ ಹೆಂಗಸು, ರಿಟೈರ್ಡ್ ಲೈಬ್ರೇರಿಯನ್, ನನಗಿಂತ ನಾಲ್ಕು ವರ್ಷ ದೊಡ್ಡವರು. ತಾಯಿಯ ಕಡೆಯವರು ಇಂಗ್ಲೆಂಡಿನ ಒಂದು ಹಳ್ಳಿಯವರು. ಒಂದು ಚರ್ಚು, ನಲವತ್ತು ಮನೆ, ಒಂದು ಹೊಳೆ, ಅಷ್ಟೇ ಊರು. ಆ ಊರಿನ ಪ್ರತಿ ಮನೆಯ ಚರಿತ್ರೆಯನ್ನೂ ಬರೆಯುವ ಹುಚ್ಚು ಅವರಿಗೆ. ಮೂವತ್ತು ವರ್ಷದಿಂದ ಬರೆಯುತ್ತಿದ್ದರು. ಎಲ್ಲರ ಮನೆಯೂ ಮುಗಿದಿತ್ತು, ಅವರದೇ ಮನೆತನ ಮಾತ್ರ ಒಂದು ಹೆಸರಿನ ಹತ್ತಿರ ನಿಂತುಹೋಗಿತ್ತು. ಅವರ ಅಜ್ಜಿಯ ಅಜ್ಜ. ಅವನ ಅಪ್ಪ ಯಾರು? ತಾಯಿ ಸಾಯುವವರೆಗೂ ಅದನ್ನೇ ಕೇಳುತ್ತಿದ್ದರಂತೆ.

ಆ ವರ್ಷ ಹಳ್ಳಿಯ ಚರ್ಚಿನವರು ಪ್ಯಾರಿಷ್ ರಿಜಿಸ್ಟರಿನ ಫೋಟೋಗಳನ್ನು ಕಳಿಸಿಕೊಟ್ಟರು. ಊರಿನವರ ಬ್ಯಾಪ್ಟಿಸಂ, ಮದುವೆ, ಸಾವು ಎಲ್ಲವನ್ನೂ ಪಾದ್ರಿಗಳು ಬರೆದಿಡುತ್ತಿದ್ದ ಹಳೆಯ ಪುಸ್ತಕ ಅದು. ಅಷ್ಟು ವರ್ಷ ಕಾದದ್ದು ಕೈಗೆ ಬರುವ ಹೊತ್ತಿಗೆ ಅವರ ಕಣ್ಣು ಹೋಗುತ್ತಿತ್ತು. ನೋಟದ ನಟ್ಟನಡುವೆ ಒಂದು ಮಬ್ಬು ಕಲೆ, ತಿಂಗಳಿಂದ ತಿಂಗಳಿಗೆ ಹಿಗ್ಗುತ್ತಿತ್ತು. ಭೂತಗನ್ನಡಿ ಹಿಡಿದರೆ ಒಂದೊಂದೇ ಅಕ್ಷರ ಕಾಣುತ್ತಿತ್ತು, ಒಂದು ಸಾಲು ಓದುವಷ್ಟರಲ್ಲಿ ತಲೆ ಸಿಡಿಯುತ್ತಿತ್ತು.

ನನಗೆ ಹಳೆಯ ಕರ್ಸಿವ್ ಕೈಬರಹ ಓದಲು ಬರುತ್ತದೆಂದು ತಿಳಿದದ್ದೇ ನನ್ನನ್ನು ಹಿಡಿದುಕೊಂಡರು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ಅದೇ ಅಕ್ಷರವನ್ನು ತಿದ್ದಿಸಿದ್ದರು. ತಪ್ಪಿದರೆ ಗೆಣ್ಣಿನ ಮೇಲೆ ರೂಲರು. ದಿನಾ ಮಧ್ಯಾಹ್ನ ಅವರ ಮನೆಯ ಹಿಂದಿನ ಮರದ ಡೆಕ್ಕಿನಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಓದಿ ಹೇಳುತ್ತಿದ್ದೆ. ಅವರು ಕಪ್ಪು ಮಾರ್ಕರಿನಲ್ಲಿ ದಪ್ಪ ದಪ್ಪ ಬರೆದುಕೊಳ್ಳುತ್ತಿದ್ದರು. ಹೆಸರು ಹಿಡಿದು ಕರೆಯಲು ನನಗೆ ಬಾಯಿ ಬರುತ್ತಿರಲಿಲ್ಲ. ಮ್ಯಾಮ್ ಎನ್ನುತ್ತಿದ್ದೆ.

"ನಾನೇನು ನಿನ್ನ ಹೆಡ್‌ಮಿಸ್ಟ್ರೆಸ್ಸಾ?"

"ಅವರಿಗಿಂತ ಸ್ಟ್ರಿಕ್ಟು, ಮ್ಯಾಮ್."

"ಹಾಗಾದ್ರೆ ಬೆನ್ನು ನೆಟ್ಟಗೆ ಮಾಡ್ಕೊಂಡು ಓದು."

ನಕ್ಕಿದ್ದೇವೆ, ಬಹಳ. ಚರ್ಚಿನ ಗಂಟೆ ಹೊಡೆಯುವ ಮನೆತನದ ಮೇಲೆ ಅವರು ಒಂದು ಇಡೀ ಚಾಪ್ಟರ್ ಬರೆದಿದ್ದರು. ತಲೆತಲಾಂತರದ ಕುಡುಕರು, ಒಮ್ಮೆ ಮದುವೆಯ ದಿನ ಸಾವಿನ ಗಂಟೆ ಬಾರಿಸಿದವರು. ಯಾವುದಾದರೂ ಮಗುವಿನ ಹೆಸರಿನ ಮುಂದೆ ಅಪ್ಪನ ಜಾಗ ಖಾಲಿಯಿದ್ದು, ತಾಯಿಯ ಹೆಸರಿನ ಪಕ್ಕದಲ್ಲಿ 'ಸಿಂಗಲ್ ವುಮನ್' ಎಂದಿದ್ದರೆ ನಾನು ದನಿ ತಗ್ಗಿಸಿ ಓದುತ್ತಿದ್ದೆ. "ಯಾರ ಮನೇದು? ಯಾರ ಮನೇದು?" ಎಂದು ಅವರು ಕುರ್ಚಿ ಹತ್ತಿರಕ್ಕೆ ಎಳೆಯುತ್ತಿದ್ದರು. ಬೇರೆಯವರ ಮನೆಯದು ಓದುವುದು ಎಷ್ಟು ಸುಲಭವಾಗಿತ್ತು.

ಜೂನಿನಲ್ಲಿ ಅವರ ಮನೆಯದೇ ಬಂತು. ಮಗುವಿನ ಹೆಸರು ಅವರು ಹುಡುಕುತ್ತಿದ್ದದ್ದೇ. ಅಪ್ಪನ ಜಾಗ ಖಾಲಿ. ತಾಯಿ, ಸಿಂಗಲ್ ವುಮನ್. ಮಾರ್ಜಿನ್ನಿನಲ್ಲಿ ಪಾದ್ರಿ ಇರುವೆಯಂಥ ಅಕ್ಷರದಲ್ಲಿ ಬರೆದಿದ್ದ: ಇದರ ತಂದೆ ಎಂದು ಜನ ಹೇಳುವವನು ಗಂಟೆ ಹೊಡೆಯುವವನು, ಹೆಂಡತಿ ಮಕ್ಕಳು ಇರುವವನು.

ಅವರ ಮುಖ ನೋಡಿದೆ. ಮಾರ್ಕರ್ ಎತ್ತಿ ಹಿಡಿದು ಕಾಯುತ್ತಿದ್ದರು.

ಕಾನ್ವೆಂಟಿನ ನಮ್ಮ ಕ್ಲಾಸಿನಲ್ಲಿ ಒಬ್ಬ ಹುಡುಗಿಗೆ ರಿಜಿಸ್ಟರಿನಲ್ಲಿ ತಂದೆಯ ಹೆಸರಿನ ಜಾಗದಲ್ಲಿ ಬರೀ ಗೆರೆಯಿತ್ತು. ಸ್ಕೂಲ್ ಇನ್ಸ್‌ಪೆಕ್ಟರು ಬಂದ ದಿನ ತಂದೆಯ ಹೆಸರಿನ ಸಮೇತ ಹೆಸರುಗಳನ್ನು ಓದುತ್ತಿದ್ದ ಸಿಸ್ಟರ್ ಅಲ್ಲಿ ಸಣ್ಣಗೆ ಕೆಮ್ಮಿ ಮುಂದಿನವಳಿಗೆ ಹೋದರು. ಅದನ್ನು ನಾವು ಕೈಂಡ್‌ನೆಸ್ ಎಂದು ಕಲಿತೆವು. ಆ ಕೆಮ್ಮಿನಿಂದಲೇ ಇಡೀ ಕ್ಲಾಸಿಗೆ ಗೊತ್ತಾಯಿತೆಂಬುದು ನನಗೆ ಈ ವಯಸ್ಸಿನವರೆಗೂ ಹೊಳೆದಿರಲಿಲ್ಲ. ನಾನೂ ಕೆಮ್ಮಿದೆ. ಮಗುವಿನ, ತಾಯಿಯ ಹೆಸರಷ್ಟೇ ಓದಿ, ಅಪ್ಪನ ಜಾಗದಲ್ಲಿ ಇಂಕ್ ಹರಡಿದೆ ಎಂದೆ.

"ಭೂತಗನ್ನಡಿ ಕೊಡ್ಲಾ?" ಎಂದು ನಾನೇ ಕೇಳಿದೆ, ನಾಟಕಕ್ಕೆ.

"ಬೇಡ. ನಿನಗೇ ಕಾಣದ್ದು ನನಗೇನು ಕಾಣುತ್ತೆ?" ಎಂದರು.

ಆಮೇಲೆ ಆದದ್ದನ್ನು ನಾನು ಎಣಿಸಿರಲಿಲ್ಲ. ಇಂಕ್ ಹರಡಿರುವ ಜಾಗದಲ್ಲಿ ಒಂದು ಹೆಸರಂತೂ ಇದೆ, ಈ ಊರಿನಲ್ಲಿ ಆ ತಾಯಿಯ ಮದುವೆ ಸಿಕ್ಕಿಲ್ಲ, ಆದ್ದರಿಂದ ಗಂಡ ಪಕ್ಕದ ಚರ್ಚಿಗೆ ಸೇರಿದ ಪ್ಯಾರಿಷಿನವನೇ ಇರಬೇಕು ಎಂದು ಅವರು ತೀರ್ಮಾನಿಸಿದರು. ಆ ಪ್ಯಾರಿಷಿನ ಪುಸ್ತಕ ತರಿಸಿದರು. ಜುಲೈ, ಆಗಸ್ಟು, ಸೆಪ್ಟೆಂಬರು ನಾನು ಅದನ್ನೂ ಓದಿದೆ, ಅಲ್ಲಿ ಏನೂ ಸಿಗುವುದಿಲ್ಲವೆಂದು ಗೊತ್ತಿದ್ದೇ ಓದಿದೆ. ಮಾರ್ಕರಿನ ಅಕ್ಷರ ಅಂಗೈಯಷ್ಟು ದೊಡ್ಡದಾಯಿತು. ಆಮೇಲೆ ಸಾಲಿನ ಮೇಲೆ ಸಾಲು ಬೀಳತೊಡಗಿತು.

ಅಕ್ಟೋಬರಿನಲ್ಲಿ ಒಂದು ದಿನ ಅವರು ಮಾರ್ಕರಿಗೆ ಮುಚ್ಚಳ ಹಾಕಿದರು. "ಸಾಕು. ಮಗ ತನ್ನೂರು ಲಾರೆನ್ಸ್‌ವಿಲ್‌ಗೆ ಕರ್ಕೊಂಡು ಹೋಗ್ತಾನೆ, ಇನ್ನು ಮೂರು ವಾರ. ಗೊತ್ತಾಗಲಿಲ್ಲ ಅಂತ ಬರೆದು ಮುಗಿಸ್ತೀನಿ. ಅಮ್ಮನೂ ಹಾಗೇ ಹೋದಳು, ನಾನೂ ಹಾಗೇ ಹೋಗ್ತೀನಿ."

ಮನೆಗೆ ಬಂದರೆ ಊಟ ಸೇರಲಿಲ್ಲ. ಮಗಳಿಗೆ ಹೇಳಿದೆ. ಅವಳು ಲ್ಯಾಬಿನಿಂದ ಆಗಷ್ಟೇ ಬಂದು ಶೂ ಬಿಚ್ಚುತ್ತಿದ್ದಳು.

"ಅಮ್ಮ, ಇಲ್ಲಿ ಅದನ್ನೆಲ್ಲ ಯಾರು ಕೇರ್ ಮಾಡ್ತಾರೆ? ನನ್ನ ಬಾಸ್ ಇದಾಳಲ್ಲ, ಅವಳ ಅಪ್ಪ ಯಾರು ಅಂತಾನೇ ಗೊತ್ತಿಲ್ಲ ಅಂತ ಅವಳೇ ಲಂಚ್‌ನಲ್ಲಿ ಹೇಳ್ಕೊಂಡು ನಗ್ತಾಳೆ."

"ಅವರಿಗೆ ಹರ್ಟ್ ಆಗುತ್ತೆ ಅಂತ ಕಣೇ."

"ಅವರಿಗಾ? ನಿನಗೆ ಓದೋಕೆ ನಾಚಿಕೆ ಆಯ್ತು. ಅಷ್ಟೇ."

ಮಾರನೆಯ ದಿನ ಹೋದೆ. ಲ್ಯಾಪ್‌ಟಾಪ್ ತೆರೆದು ಆ ಪುಟಕ್ಕೆ ಹೋಗಿ, ಅಪ್ಪನ ಖಾಲಿ ಜಾಗ, ಸಿಂಗಲ್ ವುಮನ್, ಮಾರ್ಜಿನ್ನು, ಎಲ್ಲ ಓದಿದೆ. ಅವರು ಮೊದಲು ನಕ್ಕರು. ಜೋರಾಗಿ, ಕೈ ತಟ್ಟಿ ನಕ್ಕರು.

"ಗಂಟೆ ಹೊಡೆಯೋನಾ! ದೇವರೇ, ನಮ್ಮವರನ್ನೇ ಕುಡುಕರು ಅಂತ ಬರೆದಿಟ್ಟಿದ್ದೀನಲ್ಲ! ಅಮ್ಮನಿಗೆ ಗೊತ್ತಾಗಬೇಕಿತ್ತು, ಎಷ್ಟು ನಗ್ತಿದ್ದಳು." ಕಣ್ಣೊರೆಸಿಕೊಂಡರು. ಆಮೇಲೆ ಕೇಳಿದರು. "ಇವತ್ತು ಹೇಗೆ ಕಾಣ್ತು ನಿನಗೆ?"

"ಆವತ್ತೇ ಕಾಣ್ತು, ಮ್ಯಾಮ್."

"ಜೂನ್‌ನಲ್ಲಾ?"

"ಹೌದು."

ಅವರು ಭೂತಗನ್ನಡಿ ತೆಗೆದುಕೊಂಡು ಸ್ಕ್ರೀನಿನ ಮೇಲಿಟ್ಟರು. ತಲೆಯನ್ನು ಎಡಕ್ಕೆ ವಾಲಿಸಿದರು, ಬಲಕ್ಕೆ ವಾಲಿಸಿದರು, ಮೂಗು ತಾಗುವಷ್ಟು ಬಾಗಿದರು. ನಾನು ಅಕ್ಷರಗಳನ್ನು ಹಿಗ್ಗಿಸಿದೆ, ಇನ್ನೂ ಹಿಗ್ಗಿಸಿದೆ, ಒಂದು ಅಕ್ಷರವೇ ಸ್ಕ್ರೀನ್ ತುಂಬುವ ತನಕ. ಬಹಳ ಹೊತ್ತಿನ ಮೇಲೆ ಅವರು ಗ್ಲಾಸನ್ನು ಕೆಳಗಿಟ್ಟರು.

"ಜೂನ್‌ನಲ್ಲಿ ನನಗೆ ಕಾಣ್ತಿತ್ತು" ಎಂದರು.

ಸಾರಿ ಎಂದೆ. ಎಷ್ಟು ಸಲ ಎಂದೆನೋ. ಕಾನ್ವೆಂಟಿನಲ್ಲಿ ಕಲಿತ ಅಷ್ಟೂ ಮ್ಯಾನರ್ಸ್‌ನಲ್ಲಿ ಅದಕ್ಕಿಂತ ದೊಡ್ಡ ಪದ ನನಗೆ ಸಿಗಲಿಲ್ಲ.

"ಇನ್ನೆಷ್ಟು ಕಡೆ ಹೀಗೆ ಮಾಡಿದ್ದೀಯ?"

"ಇದೊಂದೇ. ಪ್ರಾಮಿಸ್."

ಇದೊಂದೇ ಎಂಬುದಕ್ಕೆ ನನ್ನ ಮಾತು ಬಿಟ್ಟು ಇನ್ನೇನು ಸಾಕ್ಷಿ? ರಿಜಿಸ್ಟರಿನ ಪುಸ್ತಕವಿಡೀ ನಾನು ಓದಿದ್ದೇ, ಅದರಿಂದ ಅವರು ಬರೆದುಕೊಂಡದ್ದೆಲ್ಲ ನನ್ನ ಬಾಯಿಂದ ಬಂದದ್ದೇ. ಮೂವತ್ತು ವರ್ಷದ ಕೆಲಸದೊಳಗೆ ನಾನೊಂದು ತೂತು ಕೊರೆದಿದ್ದೆ, ಅದು ಎಲ್ಲೆಲ್ಲಿಗೆ ಹೋಗಿದೆಯೋ ಅವರಿಗೆ ತಿಳಿಯುವಂತಿರಲಿಲ್ಲ.

"ಮೊದಲನೇ ಪುಟದಿಂದ ಮತ್ತೆ ಓದು" ಎಂದರು. "ನಿನ್ನ ಮಗಳೂ ಬಂದು ಪಕ್ಕದಲ್ಲಿ ಕೂತ್ಕೊಳ್ಳಲಿ."

ಮಗಳು ಎರಡು ವೀಕೆಂಡ್ ಬಂದು ಕೂತಳು. ಬೆಂಗಳೂರಿನಲ್ಲಿ ಓದಿದವಳೇ ಆದರೂ ಅವಳಿಗೆ ಆ ಹಳೆಯ ಕೈಬರಹ ಕೋಳಿ ಕೆದರಿದ ಹಾಗೆ. "ಕರೆಕ್ಟ್, ಆಂಟಿ ಓದ್ತಿರೋದು ಕರೆಕ್ಟ್ ಅನ್ಸುತ್ತೆ" ಎಂದು ನನ್ನನ್ನೇ ಆಂಟಿ ಮಾಡಿ ಗಾಬರಿಯಲ್ಲಿ ಒಮ್ಮೆ ಅಂದಳು. ಯಾರೂ ನಗಲಿಲ್ಲ. ಪಾದ್ರಿ ಹೊಡೆದುಹಾಕಿದ ಪದ, ಮೇಣದ ಕಲೆ, ಅವನ ಕಾಗುಣಿತದ ತಪ್ಪು, ಒಂದನ್ನೂ ಬಿಡದೆ ನಾನು ಓದಿದೆ. ಮೊದಲೆಲ್ಲ ಅವರು ನಡುನಡುವೆ ಥ್ಯಾಂಕ್ ಯೂ ಹನಿ ಎನ್ನುತ್ತಿದ್ದರು. ಈಗ "ನೆಕ್ಸ್ಟ್" ಎಂದಷ್ಟೇ.

ಮನೆ ಸಾಮಾನು ಒಯ್ಯುವ ಟ್ರಕ್ ಬರುವ ಹಿಂದಿನ ದಿನ ಆ ಪುಟ ಬಂತು. ಡೆಕ್ಕಿನ ಕುರ್ಚಿಗಳನ್ನೂ ಒಳಗೆ ಕಟ್ಟಿಟ್ಟಿದ್ದರು; ಮೆಟ್ಟಿಲ ಮೇಲೆ ಕೂತಿದ್ದೆವು. ಓದಿದೆ. ಅವರು ಬೆರಳು ಚಾಚಿದರು. ನಾನು ಆ ಬೆರಳನ್ನು ಹಿಡಿದು ಸ್ಕ್ರೀನಿನ ಅಂಚಿಗೆ, ಸಣ್ಣಕ್ಷರದ ಮೇಲೆ ತಂದಿಟ್ಟೆ.

"ಇಲ್ಲಾ?"

"ಇಲ್ಲೇ, ಮ್ಯಾಮ್."

"ಹಾಗಂತ ನೀನು ಹೇಳ್ತೀಯ" ಎಂದರು. ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ.