ಬೂದಿ ಬಣ್ಣದ ಮದುವೆ ಕೋಟು

ಹಳೆಯ ಸಿನಿಮಾ ಹಾಕಿದರೆ ನಾನು ಹೀರೋನನ್ನು ನೋಡುವುದೇ ಇಲ್ಲ. ಅವನ ಬೆನ್ನ ಹಿಂದಿನ ರಸ್ತೆ ನೋಡುತ್ತೇನೆ. ಡಬಲ್ ಡೆಕರ್ ಬಸ್ಸು, ಕೈಬರಹದ ಅಂಗಡಿ ಬೋರ್ಡು, ಬೆಲ್ ಬಾಟಮ್ ತೊಟ್ಟು ಆರಾಮಾಗಿ ರಸ್ತೆ ದಾಟುವ ಜನ. (ಯಾದಗಿರಿಯ ನಮ್ಮ ಓಣಿಯಲ್ಲಿ ಬೈಕ್ ನಿಲ್ಲಿಸಲು ಜಾಗ ಸಿಗದವನಿಗೆ ಇನ್ನೇನು ಸುಖ ಬೇಕು?)

ಕಳೆದ ಭಾನುವಾರ ಶಹಾಪುರಕ್ಕೆ, ಸೋದರಮಾವನ ಮನೆಗೆ ಹೋಗಿದ್ದೆ. ಮಾವ ಟೇಲರ್. ಎಂಬತ್ತಾದರೂ ಕೊರಳಿನ ಟೇಪು ಇಳಿದಿಲ್ಲ. ಅವರೂ ಹೀರೋನನ್ನು ನೋಡುವವರಲ್ಲ, ಅವನ ಕೋಟು ನೋಡುವವರು! ಹರೆಯದಲ್ಲಿ ಸುರಪುರದ ಟಾಕೀಸಿನಲ್ಲಿ ಒಂದೇ ಸಿನಿಮಾ ಆರು ಸಲ ನೋಡಿ, ಬೀಡಿ ಕಟ್ಟಿನ ಕಾಗದದ ಮೇಲೆ ಕಾಲರ್ ಬರೆದುಕೊಂಡು ಬರುತ್ತಿದ್ದರಂತೆ. ತಮ್ಮ ಮದುವೆಯ ಕೋಟನ್ನೂ ಹಾಗೇ ಒಂದು ಸಿನಿಮಾದ ಹೀರೋನ ಕೋಟು ನೋಡಿ ಹೊಲಿದುಕೊಂಡರು. ಕಟಿಂಗ್ ಫಸ್ಟ್ ಕ್ಲಾಸ್. ಬಣ್ಣ ಮಾತ್ರ ಬೂದಿ. ಕಪ್ಪು ಬಿಳುಪು ಪರದೆಯ ಮೇಲೆ ಪಾಪ, ಅದು ಹಾಗೇ ಕಂಡಿತ್ತು.

ಅತ್ತೆ ಇದನ್ನು ಐವತ್ತು ವರ್ಷದಿಂದ ಬಿಟ್ಟಿಲ್ಲ. ಮನೆಗೆ ಬಂದವರ ಮುಂದೆಲ್ಲ, “ಒಲಿಯಾಗಿಂದ ಎದ್ದು ಬಂದಂಗ ಬಂದಿದ್ರು ನೋಡ್ರಿ!” ಎನ್ನುತ್ತಾರೆ. ಎಲ್ಲರೂ ನಗುತ್ತಾರೆ. ಮಾವನೂ ನಗುತ್ತಾರೆ. ಆದರೆ ಟೇಲರ್ ಮನುಷ್ಯ, ಒಳಗೆ ಚುಚ್ಚುವುದಿಲ್ಲವೇ?

ಅದೇ ಸಿನಿಮಾಕ್ಕೆ ಯಾರೋ ಈಗ ಕಂಪ್ಯೂಟರಿನಲ್ಲಿ ಬಣ್ಣ ತುಂಬಿದ್ದಾರೆ. ಮೊಬೈಲ್ ಹಿಡಿದು ಹೇಳಿದೆ, “ಮಾಮಾ, ಇವತ್ತ ಕೋಟಿನ ಬಣ್ಣ ಗೊತ್ತಾಗ್ತದ.”

ಮಾವ ಕನ್ನಡಕ ಒರೆಸಿಕೊಂಡರು. “ಬೂದಿನೇ ಇರ್ತದ. ನನ್ನ ಕಣ್ಣು ಮೋಸ ಹೋಗಂಗಿಲ್ಲ.”

ರೊಟ್ಟಿ ಬಡಿಯುತ್ತಿದ್ದ ಅತ್ತೆಯೂ ಹಿಟ್ಟಿನ ಕೈಯಲ್ಲೇ ಎದ್ದು ಬಂದರು.

ಹೀರೋ ಬಸ್ಸಿನಿಂದ ಇಳಿದ. ನಾನು ಅಭ್ಯಾಸಬಲದಿಂದ ಬಸ್ಸನ್ನೇ ನೋಡುತ್ತಿದ್ದೆ. ಆಹಾ, ಎಂಥಾ ಕೆಂಪು! ಆಮೇಲೆ ಕೋಟು ಕಂಡಿತು. ಗುಲಾಬಿ! ಅದೂ ಬಾಂಬೆ ಮಿಠಾಯಿಯಂಥ ಗುಲಾಬಿ.

ಮಾವನ ಮುಖ ಇಳಿದುಹೋಯಿತು. “ಹಂಗಾದ್ರ ನಾ ತಪ್ಪೇ ಹೊಲದಿದ್ದೆ ಅಲ್ಲೇನು?”

“ಕಂಪ್ಯೂಟರೂ ಅಂದಾಜಿನ ಮ್ಯಾಲೇ ಹಚ್ಚತದ ಮಾಮಾ” ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಯಾಕಾದರೂ ತೋರಿಸಿದೆನೋ ಅನ್ನಿಸಿತು. ಅತ್ತೆಗೆ ಇನ್ನು ಹೊಸ ಸರಕು ಸಿಕ್ಕಿತಲ್ಲ!

ಅತ್ತೆ ಮೊಬೈಲಿಗೆ ಮುಖ ತಾಗಿಸಿ ನೋಡಿದರು. “ಅಯ್ಯ ಶಿವನೇ! ಈ ಅವತಾರದಾಗ ಬಂದಿದ್ರ ತಲಿ ಮ್ಯಾಲೆ ಅಕ್ಕಿಕಾಳು ಬೀಳೂಕಿಂತ ಮೊದಲೇ ಎದ್ದು ಹೋಗ್ತಿದ್ದೆ ನಾನು. ನಿಮ್ಮ ಬೂದಿ ಕೋಟೇ ಛಂದಿತ್ತು ಬಿಡ್ರಿ.”

ಐವತ್ತು ವರ್ಷ ಹಂಗಿಸಿದ್ದಕ್ಕೆ ಇದಕ್ಕಿಂತ ದೊಡ್ಡ ಮಾಫಿ ಯಾವ ಗಂಡನಿಗೆ ಸಿಕ್ಕೀತು, ನೀವೇ ಹೇಳಿ?