ವಾಚು ಬಿಚ್ಚಿಡುವ ಸೈತಾನ

ಬೆಳಿಗ್ಗೆಯಿಂದ ಒಂದು ಆಟೋರಿಕ್ಷಾ ತಲೆಯ ಮೇಲೆ ಮೈಕು ಕಟ್ಟಿಕೊಂಡು ನಮ್ಮ ಓಣಿಯಲ್ಲಿ ಸುತ್ತುತ್ತಿದೆ. "ಸೈತಾನನ ಕೋಟೆ ಮುರಿಯುವ ಮಹಾ ಪ್ರಾರ್ಥನಾ ಕೂಟ! ದುರಾತ್ಮಗಳಿಂದ ಬಿಡುಗಡೆ! ಜೀವಂತ ಸಾಕ್ಷಿಗಳು! ಇಂದು ಸಂಜೆ, ಪಡುಬಿದ್ರಿಯಲ್ಲಿ!" ಚಹಾ ಕೈಯಲ್ಲೇ ಆರಿಹೋಯಿತು. ಬಿಪಿ ಏರದ ಹಾಗೆ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದಾರೆ. ಉಪ್ಪು ಬಿಟ್ಟೆ, ಉಪ್ಪಿನಕಾಯಿ ಬಿಟ್ಟೆ. ಆದರೆ 'ಜೀವಂತ ಸಾಕ್ಷಿ' ಎಂಬ ಎರಡು ಶಬ್ದ ಕಿವಿಗೆ ಬಿದ್ದರೆ ಏರುವ ಬಿಪಿಗೆ ಯಾವ ಪಥ್ಯವೂ ಇಲ್ಲ. ಒಳಗಿನ ಕೋಣೆಯಲ್ಲಿ ನಮ್ಮ ಸುಗುಣ ಚಿಕ್ಕಮ್ಮ, ಅಂದರೆ ಅಮ್ಮನ ತಂಗಿ, ಕಿಟಕಿಯ ಬೆಳಕಿಗೆ ಸೂಜಿ ಹಿಡಿದು ದಾರ ಪೋಣಿಸುತ್ತಿದ್ದಾರೆ. ಎಂಬತ್ತು ದಾಟಿದರೂ ಅವರ ಕೈ ನಡುಗುವುದಿಲ್ಲ.

ನನ್ನನ್ನು ನಾಸ್ತಿಕಳೆಂದು ತಿಳಿಯಬೇಡಿ. ಅಜ್ಜನ ಅಜ್ಜನ ಕಾಲದಿಂದ ಉಡುಪಿಯ ಕ್ರೈಸ್ತ ಮನೆತನ ನಮ್ಮದು. ಮನೆಯಲ್ಲಿ ತುಳು, ದೇವಾಲಯದಲ್ಲಿ ಕನ್ನಡ. ಭಾನುವಾರದ ಶಾಲೆಯಲ್ಲಿ ನಮಗೆ ಕಲಿಸಿದ್ದೆಲ್ಲ ಯುದ್ಧದ ಮಾತೇ. ಒಳ್ಳೆಯ ಕ್ರೈಸ್ತನೆಂದರೆ ಸಿಪಾಯಿ. ನಂಬಿಕೆಯೇ ಗುರಾಣಿ, ದೇವರ ವಾಕ್ಯವೇ ಕತ್ತಿ, ಶತ್ರು ಕಣ್ಣಿಗೆ ಕಾಣದವನು. ನಾನು ಅದನ್ನೆಲ್ಲ ಅಕ್ಷರಶಃ ನಂಬಿ, ಅಡುಗೆಮನೆಯ ಪಾತ್ರೆಯನ್ನು ತಲೆಗೆ ಕವುಚಿಕೊಂಡು, ತೆಂಗಿನ ಮಡಲಿನ ದಂಟು ಹಿಡಿದು ಹಿತ್ತಿಲಿನಲ್ಲಿ ಸೈತಾನನನ್ನು ಹುಡುಕಿದವಳು. ಸಿಕ್ಕಿದ್ದು ಪಕ್ಕದ ಮನೆಯ ಹುಂಜ. ಇರಲಿ. ನನ್ನ ತಕರಾರು ಸೈತಾನನ ಮೇಲಲ್ಲ, ಅವನ ಹೆಸರಿನಲ್ಲಿ ನಡೆದ ವ್ಯವಹಾರದ ಮೇಲೆ.

ಹಿಂದೆ ಚಿಕ್ಕಮ್ಮ ಹುಡುಗಿಯರ ಶಾಲೆಯಲ್ಲಿ ಹೊಲಿಗೆ ಟೀಚರಾಗಿದ್ದರು. ಗಂಡ ದೇವದಾಸ ಚಿಕ್ಕಪ್ಪ ಒಂದು ಬಸ್ ಕಂಪೆನಿಯ ಆಫೀಸಿನಲ್ಲಿ ಗುಮಾಸ್ತ. ಕಡಿಯಾಳಿಯಲ್ಲಿ ಬಾಡಿಗೆ ಮನೆ. ಭಾನುವಾರದ ಗಾಯನ ಮೇಳದಲ್ಲಿ ಅವರದು ಎಲ್ಲರಿಗಿಂತ ಕೆಳಗಿನ ಸ್ವರ. ಅವರು ಹಾಡಿದರೆ ಬೆಂಚು ಗುಂಯ್‌ಗುಡುತ್ತಿತ್ತು. "ದೇವದಾಸಣ್ಣ ಪಾಪದ ಜನ, ಯಾರ ತಂಟೆಗೂ ಹೋಗುವವರಲ್ಲ" ಎಂದು ಊರೆಲ್ಲ ಹೇಳುತ್ತಿತ್ತು. ಈ ಪಾಪದ ಜನ ಮನೆಯಲ್ಲಿ ಹೆಂಡತಿಗೆ ಹೊಡೆಯುತ್ತಿದ್ದರು. ಕುಡಿದು ಅಲ್ಲ. ಸಾರಿಗೆ ಉಪ್ಪು ಕಡಿಮೆಯಾಯಿತು, ಅಂಗಿಯ ಇಸ್ತ್ರಿ ಸರಿಯಾಗಲಿಲ್ಲ, ಅಷ್ಟು ಸಾಕು. ಒಮ್ಮೆ ಚಿಕ್ಕಮ್ಮ ಮಣಿಕಟ್ಟು ಮುರಿದು ಮಣಿಪಾಲದ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡರು. ಕೇಳಿದವರಿಗೆಲ್ಲ ಬಚ್ಚಲಲ್ಲಿ ಜಾರಿದೆ ಎಂದರು. ಆ ಬಚ್ಚಲಿಗೆ ಅಷ್ಟು ಪಾಚಿ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಅಮ್ಮನಿಗೆ ಗೊತ್ತಿತ್ತು, ಸಭೆಗೆ ಗೊತ್ತಿತ್ತು, ದೇವಾಲಯದ ಪಾದ್ರಿ ಅಯ್ಯನವರಿಗೂ ಗೊತ್ತಿತ್ತು. ತಾಳ್ಮೆ ದೊಡ್ಡ ಗುಣವೆಂದು ಅವರು ಚಿಕ್ಕಮ್ಮನಿಗೆ ಬೋಧಿಸಿದರು. ಚಿಕ್ಕಪ್ಪನಿಗೆ ಏನು ಬೋಧಿಸಿದರೋ, ನಾನಂತೂ ಕೇಳಿಲ್ಲ.

ಎಂಬತ್ತರ ದಶಕದ ಆರಂಭದಲ್ಲಿ ನಮ್ಮ ಕಡೆ ಬಿಡುಗಡೆಯ ಪ್ರಾರ್ಥನಾ ಕೂಟಗಳು ಶುರುವಾದವು. ಅದನ್ನು ನಡೆಸುವವರನ್ನು ಎಲ್ಲರೂ 'ಬ್ರದರ್' ಎನ್ನುತ್ತಿದ್ದರು. ಒಂದು ಕೂಟದಲ್ಲಿ ಚಿಕ್ಕಪ್ಪ ನೆಲಕ್ಕೆ ಬಿದ್ದು ಹೊರಳಿ, ತನ್ನೊಳಗೆ ಕೋಪದ ಅಶುದ್ಧಾತ್ಮ ಇತ್ತು, ಈಗ ಬಿಟ್ಟುಹೋಯಿತು ಎಂದು ಅತ್ತರು. ಚಪ್ಪಾಳೆಯೋ ಚಪ್ಪಾಳೆ. ನಾವೂ ಅತ್ತೆವು. ತಿಂಗಳೊಳಗೆ ಚಿಕ್ಕಮ್ಮನ ಕಣ್ಣಿನ ಕೆಳಗೆ ಮತ್ತೆ ಕಪ್ಪಾಯಿತು. ಬ್ರದರ್ ಗಾಬರಿಪಡಲಿಲ್ಲ. ಹೋದದ್ದು ಮರಳಿ ಬಂದಿದೆಯಾದರೆ ಮನೆಯಲ್ಲಿ ಎಲ್ಲೋ ಬಾಗಿಲು ತೆರೆದಿದೆ, ಹುಡುಕಬೇಕು ಎಂದರು.

ಹುಡುಕಲಿಕ್ಕೆ ಬಂದೇ ಬಿಟ್ಟರು! ಆ ದಿನ ನಾನೂ ಅಲ್ಲಿದ್ದೆ. ಕಾಲೇಜಿನ ಚರ್ಚಾ ಸ್ಪರ್ಧೆಯಲ್ಲಿ ಸ್ತ್ರೀ ಸ್ವಾತಂತ್ರ್ಯದ ಬಗ್ಗೆ ಗುಡುಗಿ ಕಪ್ ಗೆದ್ದಿದ್ದ ವೀರವನಿತೆ, ಬ್ರದರಿಗೆ ಚಹಾ ಮಾಡಿಕೊಟ್ಟೆ. ಅವರು ಗೋಡೆ ತಟ್ಟಿದರು, ಕಪಾಟು ತೆಗೆಸಿದರು. ಯಕ್ಷಗಾನದ ವೇಷದ ಚಿತ್ರವಿದ್ದ ಕ್ಯಾಲೆಂಡರು ಹೊರಗೆ ಹೋಯಿತು. ಪಕ್ಕದ ಮನೆಯವರು ಪ್ರೀತಿಯಿಂದ ಕೊಟ್ಟ ಹಿತ್ತಾಳೆಯ ದೀಪ ಹೊರಗೆ ಹೋಯಿತು. ಕೊನೆಗೆ ಬ್ರದರ್ ಚಿಕ್ಕಮ್ಮನ ತಲೆ ನೋಡಿದರು.

"ಈ ಮಲ್ಲಿಗೆ ಯಾಕೆ ತಂಗೀ? ಇದರ ಪರಿಮಳಕ್ಕೆ ಅವು ಬರ್ತವೆ."

ಕಾಪು ಹತ್ತಿರದ ಶಂಕರಪುರದ ಮಲ್ಲಿಗೆ ಅದು. ಆ ಗಿಡಗಳನ್ನು ಬೆಳೆಸಿ ಮಕ್ಕಳನ್ನು ಓದಿಸಿದವರಲ್ಲಿ ಎಷ್ಟೋ ಜನ ಕ್ರೈಸ್ತ ಹೆಂಗಸರೇ. ಅವರ ಹಿತ್ತಿಲಿಗೆ ಬಾರದ ಭೂತ ಚಿಕ್ಕಮ್ಮನ ಜಡೆ ಹುಡುಕಿಕೊಂಡು ಕಡಿಯಾಳಿಗೆ ಬರುತ್ತದೆಯೆ? ಚಿಕ್ಕಮ್ಮ ಹೂ ತೆಗೆದಿಟ್ಟರು. ಆದರೂ ಬ್ರದರಿಗೆ ಸಮಾಧಾನವಾಗಲಿಲ್ಲ. "ನಿಮ್ಮ ಪ್ರಾರ್ಥನೆ ಸಾಲದು. ಬಾಗಿಲು ತೆರೆದದ್ದು ನೀವೇ" ಎಂದು ತೀರ್ಪು ಕೊಟ್ಟರು. ಪೆಟ್ಟು ತಿಂದವಳಿಗೇ ದಂಡ! ಮನೆಯೆಲ್ಲ ಜಾಲಾಡಿದ ಈ ಮನುಷ್ಯ ಬೆತ್ತದ ಕುರ್ಚಿಯ ಕಡೆ ಮಾತ್ರ ನೋಡಲಿಲ್ಲ. ಅದರಲ್ಲಿ ಚಿಕ್ಕಪ್ಪ ಕಾಲ ಮೇಲೆ ಕಾಲು ಹಾಕಿ ನಾನು ಕೊಟ್ಟ ಚಹಾ ಕುಡಿಯುತ್ತಿದ್ದರು.

ಆಮೇಲೆ ಚಿಕ್ಕಪ್ಪನಿಗೆ ಹೆಸರು ಬಂತು. ಸೈತಾನ ಎಷ್ಟು ಸಲ ಬಂದರೆ ಅಷ್ಟು ಸಲ ಗೆದ್ದ ವೀರನಲ್ಲವೆ? ವೇದಿಕೆ ಹತ್ತಿ ತನ್ನ ಬಿಡುಗಡೆಯ ಕಥೆ ಹೇಳುವುದಕ್ಕೆ ಸಾಕ್ಷಿ ಎನ್ನುತ್ತಾರೆ. ಕಾಪುವಿನಲ್ಲಿ ಸಾಕ್ಷಿ, ಕಲ್ಯಾಣಪುರದಲ್ಲಿ ಸಾಕ್ಷಿ. ಅವರ ಆ ಸ್ವರಕ್ಕೆ ಜನ ಕರಗಿ ನೀರಾಗುತ್ತಿದ್ದರು. ಚಿಕ್ಕಮ್ಮ ತಿಂದ ಒಂದೊಂದು ಪೆಟ್ಟೂ ಅವರ ಕಥೆಗೆ ಇನ್ನಷ್ಟು ರಂಗು ಕೊಡುತ್ತಿತ್ತು. ಇಂದಿಗೂ ನನ್ನ ಮೈ ಉರಿಯುವುದು ಇದಕ್ಕೇ.

ಕಾರ್ಕಳದ ಕೂಟಕ್ಕೆ ಚಿಕ್ಕಮ್ಮನ ಜೊತೆಗೆ ನಾನೂ ಹೋದೆ. ಚಿಕ್ಕಪ್ಪನ ಸಾಕ್ಷಿ ಮುಗಿದು ಚಪ್ಪಾಳೆ ನಿಂತ ಮೇಲೆ ಬ್ರದರ್, "ಈಗ ನಮ್ಮ ತಂಗಿ ಈ ಜಯದ ಬಗ್ಗೆ ಒಂದು ಮಾತು ಹೇಳ್ತಾರೆ" ಎಂದು ಕರೆದರು. ಚಿಕ್ಕಮ್ಮ ಸೆರಗು ಸರಿ ಮಾಡಿಕೊಂಡು ವೇದಿಕೆಗೆ ಹೋದರು. ಮಕ್ಕಳಿಗೆ ಕಸೂತಿ ಹೇಳಿಕೊಡುವಾಗಿನ ಸಾವಧಾನದ ಕನ್ನಡದಲ್ಲಿ ಮಾತಾಡಿದರು.

"ಸೈತಾನ ಇದ್ದಾನೆ. ನಾನು ನಂಬ್ತೇನೆ. ಆದರೆ ನನಗೆ ಹೊಡೆದದ್ದು ಅವನಲ್ಲ. ಇವರು ಹೇಳುವ ಆ ಅಶುದ್ಧಾತ್ಮ ಆಫೀಸಿಗೆ ಹೋಗುವುದಿಲ್ಲ. ಮ್ಯಾನೇಜರರ ಎದುರು ಬರುವುದಿಲ್ಲ. ನೆಂಟರು ಇದ್ದರೆ ಕಾಯುತ್ತದೆ. ಅವರು ಹೋದ ಮೇಲೆ ಬಾಗಿಲು ಹಾಕಿ, ಕಿಟಕಿ ಮುಚ್ಚಿ, ಕೈಯ ವಾಚು ಬಿಚ್ಚಿ ಮೇಜಿನ ಮೇಲೆ ಇಡುತ್ತದೆ. ಗಾಜು ಒಡೆಯಬಾರದಲ್ವಾ? ಆಮೇಲೆ ಹೊಡೆಯುತ್ತದೆ. ಮೈಮೇಲೆ ಎಚ್ಚರ ಇಲ್ಲದವರಿಗೆ ವಾಚಿನ ನೆನಪು ಇರ್ತದಾ? ನನಗೆ ಹೊಡೆದವರ ಹೆಸರು ದೇವದಾಸ. ಇಲ್ಲೇ ಕೂತಿದ್ದಾರೆ."

ಚಿಕ್ಕಪ್ಪನ ವಾಚು ಕಟ್ಟಿದ ಎಡಗೈ ತಾನಾಗಿ ಜೇಬಿನೊಳಗೆ ಹೋಯಿತು. ಮರುಗಳಿಗೆ ಯಾರೋ ಮೈಕಿನ ವಯರು ಎಳೆದರು, ಹಾರ್ಮೋನಿಯಂ ಜಯಗೀತೆ ಶುರುಮಾಡಿತು. ಚಿಕ್ಕಮ್ಮನ ತುಟಿ ಅಲುಗುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ದೇವರ ಹಾಡಿನಿಂದ ಒಬ್ಬ ಹೆಂಗಸಿನ ಬಾಯಿ ಮುಚ್ಚಿಸಬಹುದೆಂದು ನಾನು ಕಲಿತದ್ದು ಅಲ್ಲಿ. ಇಷ್ಟೂ ಸಾಲದೆಂಬಂತೆ ಬ್ರದರ್ ಎದ್ದು ಬಂದು ಹಾಡು ನಿಲ್ಲಿಸಿ, "ಮಾತಾಡಿದ್ದು ನಮ್ಮ ತಂಗಿಯಲ್ಲ, ಅವಳೊಳಗೆ ಹೊಕ್ಕದ್ದು!" ಎಂದು ಕೂಗಿ ಅವರ ತಲೆಯ ಮೇಲೆ ಕೈಯಿಟ್ಟರು.

ಚಿಕ್ಕಮ್ಮ ಆ ಕೈಯ ಮಣಿಕಟ್ಟು ಹಿಡಿದು, ಮೆಲ್ಲಗೆ ಎತ್ತಿ ಪಕ್ಕಕ್ಕೆ ಇಟ್ಟರು. ಮುಂದಿನ ಸಾಲಿನಲ್ಲಿದ್ದ ನನಗೆ ಕೇಳಿಸಿತು: "ಇನ್ನು ನನ್ನ ಮೇಲೆ ಯಾರೂ ಕೈ ಹಾಕುವುದು ಬೇಡ."

ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲಿ ಒಂದು ಚೆಂಡು ಮಲ್ಲಿಗೆ ಕೊಂಡು ಮುಡಿದುಕೊಂಡರು. ಉಡುಪಿಯಲ್ಲಿಳಿದು ಸೀದಾ ನಮ್ಮ ಮನೆಗೆ ಬಂದರು. ಕಡಿಯಾಳಿಗೆ ಮತ್ತೆ ಹೋಗಲಿಲ್ಲ. ಚಿಕ್ಕಪ್ಪ ಕರೆಯಲಿಕ್ಕೆ ಬಂದಾಗಲೆಲ್ಲ ಚಿಕ್ಕಮ್ಮ ಜಗಲಿಯಲ್ಲಿ ನಿಲ್ಲಿಸಿ ಒಂದೇ ಮಾತು ಕೇಳುತ್ತಿದ್ದರು. "ಹೊಡೆದದ್ದು ಯಾರು?" ಚಿಕ್ಕಪ್ಪ ತಲೆ ತಗ್ಗಿಸಿ, "ಅದು ನಾನಲ್ಲ ಸುಗುಣಾ, ನನ್ನೊಳಗಿನ..." ಎಂದು ಶುರು ಮಾಡುವಷ್ಟರಲ್ಲಿ ಬಾಗಿಲು ಹಾಕಿಯಾಗುತ್ತಿತ್ತು. 'ನಾನು' ಎಂದಿದ್ದರೆ ಚಿಕ್ಕಮ್ಮ ಹೋಗುತ್ತಿದ್ದರೋ ಏನೋ. ಆ ಒಂದು ಮಾತು ಚಿಕ್ಕಪ್ಪನ ಬಾಯಿಂದ ಕೊನೆಯವರೆಗೂ ಬರಲಿಲ್ಲ. ತೀರಿಕೊಂಡಾಗ ಶವಸಂಸ್ಕಾರದ ಬೋಧನೆಯಲ್ಲಿ ಅಯ್ಯನವರು 'ದುರಾತ್ಮನನ್ನು ಜಯಿಸಿದ ಯೋಧ' ಎಂದು ಹೊಗಳಿದರು. ನಾನು ಎದ್ದು ನಿಲ್ಲುವವಳಿದ್ದೆ. ಚಿಕ್ಕಮ್ಮ ನನ್ನ ಸೆರಗು ಹಿಡಿದು ಕೂರಿಸಿದರು. ಯುದ್ಧ ಮಾಡಿದ್ದು ಯಾರು, ಬಿರುದು ಯಾರಿಗೆ, ನೀವೇ ಹೇಳಿ.

ಇಗೋ, ಆಟೋ ಮತ್ತೆ ಬಂತು. ಈ ಸಲ ಬಿಡುವುದಿಲ್ಲ, ಅಡ್ಡಗಟ್ಟಿ ಬಯ್ದುಬಿಡುತ್ತೇನೆ ಎಂದು ನಾನು ಅಂಗಳಕ್ಕೆ ಇಳಿದೆ. ಹಿಂದಿನಿಂದ ಚಿಕ್ಕಮ್ಮನ ಸ್ವರ ಬಂತು.

"ಬೈಬೇಡ ಮಾರಾಯ್ತಿ. ಸಾಕ್ಷಿ ಹೇಳ್ಲಿಕ್ಕೆ ಎಲ್ಲರಿಗೂ ಅವಕಾಶ ಉಂಟಾ ಕೇಳು."

ತಿರುಗಿ ನೋಡಿದೆ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಹೊರಗೆ ಹೋಗುವ ಸೀರೆ ಉಟ್ಟು, ಮೆಟ್ಟಿಲ ಹತ್ತಿರ ಕಾಲಿನಿಂದ ಚಪ್ಪಲಿ ಹುಡುಕುತ್ತಿದ್ದರು.

"ಚಿಕ್ಕಮ್ಮಾ, ಪುನಃ ಮೈಕ್ ಬಂದ್ ಮಾಡಿದ್ರೆ?"

"ಮಾಡ್ಲಿ. ಆಗ ನಾನು ಬಾಗಿಲ ಹತ್ತಿರ ನಿಲ್ತೇನೆ. ಮುಗಿದ ಮೇಲೆ ಹೆಂಗಸರೆಲ್ಲ ಅದೇ ದಾರಿಯಲ್ಲಿ ಹೊರಗೆ ಬರ್ಬೇಕಲ್ಲ."

ನಾನು ಕೈ ಅಡ್ಡ ಹಿಡಿದು ಆಟೋ ನಿಲ್ಲಿಸಿದೆ, ಪಡುಬಿದ್ರಿಗೆ ಇಬ್ಬರಿಗೆ ಜಾಗ ಉಂಟಾ ಎಂದು ಕೇಳಿದೆ.